ಸ್ವಿಚ್ ಹಾಕಿದೆವು, ಹಳೇ ವೈರು ಬಾಯಿಬಿಟ್ಟಿತು

ಏಪ್ರಿಲ್‌ನಲ್ಲಿ ಒಂದು ಸಂಜೆ ಕೊಡಗಿನ ಗೋಣಿಕೊಪ್ಪದಲ್ಲಿ ಜೋರು ಗುಡುಗು ಮಳೆ. ಮಾರನೇ ದಿನ ಬೆಳಿಗ್ಗೆ ನನ್ನ ಕಂಪ್ಯೂಟರ್ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಫೋನ್ ಬಂತು. ಕಾಫಿ, ಕರಿಮೆಣಸು ಖರೀದಿ ಮಾಡುವ ಒಂದು ಸಣ್ಣ ಆಫೀಸು. ಗೋಡೌನಿನಲ್ಲಿ ತೂಕ ಹಾಕಿದರೆ ಆಫೀಸಿನ ಕಂಪ್ಯೂಟರಿಗೆ ಬರುತ್ತಿಲ್ಲ, ಪ್ರಿಂಟರೂ ಸಿಗುತ್ತಿಲ್ಲ ಅಂದರು. ರೋಬಸ್ಟಾ ಕೊಯ್ಲು ಮುಗಿದು, ಒಣಗಿದ ಚೆರಿ ಕಾಫಿ ಮೂಟೆ ಮೂಟೆಯಾಗಿ ಬಂದು ಇಳಿಯುವ ಹೊತ್ತು ಅದು. ಪಿಕಪ್ ಗಾಡಿಗಳು ಸಾಲಾಗಿ ನಿಂತಿದ್ದವು. ತೂಕದ ಚೀಟಿ ಕೈಗೆ ಬಾರದೆ ಬೆಳೆಗಾರರು ಹೋಗುವುದಿಲ್ಲ, ಅಲ್ವಾ?

ಮುಂದಿನ ಕೆಲಸ ಒಂದು ಗಂಟೆಯದ್ದು ಅಂದುಕೊಂಡಿದ್ದೆ. ಐದು ದಿನ ಹಿಡಿಯಿತು. ಇಂಥ ಹಳೇ ನೆಟ್‌ವರ್ಕ್ ನಮ್ಮ ಕಡೆ ಇನ್ನೂ ಎಷ್ಟೋ ಆಫೀಸುಗಳಲ್ಲಿ ಇದೆ. ಅದಕ್ಕೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲು ಅಲ್ಲಿ ಏನಿತ್ತು ಹೇಳುತ್ತೇನೆ. ಮುಂದಿನ ಕೋಣೆಯಲ್ಲಿ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಡೇಟಾ ಇರುವ ಮುಖ್ಯ ಕಂಪ್ಯೂಟರ್. ಅದರ ಪಕ್ಕದ ಕೋಣೆಯಲ್ಲಿ ಅಕೌಂಟ್ಸ್ ಕಂಪ್ಯೂಟರ್ ಮತ್ತು ಬಿಲ್ಲಿಂಗ್ ಕಂಪ್ಯೂಟರ್. ಒಂದು ನೆಟ್‌ವರ್ಕ್ ಪ್ರಿಂಟರ್. ಇಂಟರ್ನೆಟ್ ಫೈಬರಿನ ರೂಟರ್. ಆಮೇಲೆ ಕಣದ ಆಚೆ ಬದಿಯ ಗೋಡೌನಿನಲ್ಲಿ ತೂಕದ ಮೆಷಿನ್ ಜೋಡಿಸಿದ ಒಂದು ಹಳೇ ಕಂಪ್ಯೂಟರ್. ಅಲ್ಲಿಗೆ ಕಣದ ಅಂಚಿನಲ್ಲಿ ಪಿವಿಸಿ ಪೈಪ್ ಒಳಗೆ ಸುಮಾರು 60 ಮೀಟರ್ ವೈರು ಹೋಗಿತ್ತು. ಈ ಆರೂ ಬಂದು ಸೇರುತ್ತಿದ್ದುದು ಎಂಟು ಪೋರ್ಟಿನ ಒಂದು ಹಬ್‌ಗೆ, ಅಂದರೆ ಎಲ್ಲ ವೈರುಗಳನ್ನು ಸಿಕ್ಕಿಸಿ ಒಟ್ಟು ಸೇರಿಸುವ ಪೆಟ್ಟಿಗೆಗೆ. ಅದೇ ಕೆಲಸವನ್ನು ಇನ್ನೂ ಜಾಣತನದಿಂದ ಮಾಡುವ ಸ್ವಿಚ್ ಅಲ್ಲ, ನಿಜವಾದ ಹಬ್. ವೇಗ 10 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 10 ಮೆಗಾಬಿಟ್. ಇಪ್ಪತ್ತು ವರ್ಷದಿಂದ ಅದೇ ಕಪಾಟಿನ ಮೇಲೆ ಕೂತಿತ್ತಂತೆ.

ಸಿಡಿಲಿಗೆ ಅದರ ಎರಡು ಪೋರ್ಟ್ ಸುಟ್ಟಿದ್ದವು. ಗೋಡೌನಿನ ವೈರು ಇದ್ದದ್ದು, ಅದರ ಪಕ್ಕದ ಪ್ರಿಂಟರಿನದ್ದು. ಎರಡನ್ನೂ ಖಾಲಿ ಇದ್ದ ಪೋರ್ಟುಗಳಿಗೆ ಹಾಕಿದೆ. ಎಲ್ಲ ನಡೆಯಿತು. ಇದನ್ನು ಚೆನ್ನಾಗಿ ನೆನಪಿಡಿ: ಸಿಡಿಲು ಬಡಿದ ಮೇಲೂ ಗೋಡೌನಿನ ವೈರು ಹಬ್ ಮೇಲೆ ಕೆಲಸ ಮಾಡಿತ್ತು. ನನಗೆ ಇದು ಸರಿಯಾದ ಹೊತ್ತಿಗೆ ನೆನಪಾಗಲಿಲ್ಲ.

ಆದರೂ ಹಬ್ ಬದಲಾಯಿಸೋಣ ಎಂದೆ. ಸಿಡಿಲು ತಾಗಿದ ಬೋರ್ಡನ್ನು ನಂಬಿ ಕೂರುವಂತಿಲ್ಲ. ಅದೂ ಅಲ್ಲದೆ, ಆಫೀಸಿಗೆ 100 ಎಂಬಿಪಿಎಸ್ ಫೈಬರ್ ಬಂದಿದೆ. ಅದು ಒಳಗೆ ಬಂದು 10ರ ಹಬ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮಾಲೀಕರು ಒಪ್ಪಿದರು. ಎಂಟು ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್ ತಂದೆ. ಸೆಟ್ಟಿಂಗ್ ಏನೂ ಇಲ್ಲದ ಸಾದಾ ಮಾದರಿ. ಸುಮಾರು 1,300 ರೂಪಾಯಿ.

ಶನಿವಾರ

ಮಧ್ಯಾಹ್ನ ವಹಿವಾಟು ಮುಗಿದ ಮೇಲೆ ಹಬ್ ಬಿಚ್ಚಿ ಸ್ವಿಚ್ ಹಾಕಿದೆ. ಈ ಸ್ವಿಚ್‌ನಲ್ಲಿ ಹಸಿರು ದೀಪ ಬಂದರೆ ಗಿಗಾಬಿಟ್, ಕೇಸರಿ ಬಂದರೆ ಅದಕ್ಕಿಂತ ಕಡಿಮೆ ವೇಗ. ಮುಖ್ಯ ಕಂಪ್ಯೂಟರ್ ಹಸಿರು. ರೂಟರ್ ಹಸಿರು. ಪ್ರಿಂಟರ್, ಬಿಲ್ಲಿಂಗ್, ಗೋಡೌನ್ ಮೂರೂ ಕೇಸರಿ. ಅವುಗಳೊಳಗೆ ವೈರು ಸಿಕ್ಕಿಸುವ ನೆಟ್‌ವರ್ಕ್ ಕಾರ್ಡು ಹಳೇದು, 100ರವರೆಗೆ ಮಾತ್ರ.

ಅಕೌಂಟ್ಸ್ ಕಂಪ್ಯೂಟರಿನ ದೀಪ ಮಾತ್ರ ನಿಲ್ಲಲಿಲ್ಲ. ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಸ್ಕ್ರೀನಿನಲ್ಲಿ 'ಕೇಬಲ್ ತೆಗೆದಿದೆ' ಎಂಬ ಸಂದೇಶ ಬಂದು ಹೋಗುತ್ತಿತ್ತು. ಪೋರ್ಟ್ ಬದಲಿಸಿದೆ, ಅದೇ ಕಥೆ. ಕತ್ತಲಾಗುತ್ತಾ ಬಂದಿತ್ತು, ಕರೆಂಟ್ ಬೇರೆ ಎರಡು ಸಲ ಹೋಯಿತು. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗಿಗೆ ಹೋಗಿ, 'ಆಟೋ' ಎಂದಿದ್ದ ವೇಗವನ್ನು '100 ಎಂಬಿಪಿಎಸ್ ಫುಲ್ ಡ್ಯೂಪ್ಲೆಕ್ಸ್' ಎಂದು ಗಟ್ಟಿ ಮಾಡಿಟ್ಟೆ. ದೀಪ ನಿಂತಿತು. ಪಿಂಗ್ ಹೊಡೆದೆ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿದೆ, ನಾಲ್ಕಕ್ಕೆ ನಾಲ್ಕೂ ಬಂತು. ಬೀಗ ಹಾಕಿ ಬಂದೆ.

ಈ ಒಂದು ಬದಲಾವಣೆಯನ್ನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ.

ಸೋಮವಾರ

ಬೆಳಿಗ್ಗೆ ಅಕೌಂಟ್ಸ್ ನೋಡುವ ಅಕ್ಕನ ಫೋನ್. "ಎಂತ ಮಾಡಿದ್ದು ಮಾರಾಯ? ಮೊದಲೇ ವಾಸಿ ಇತ್ತು. ಒಂದು ವೋಚರ್ ಸೇವ್ ಆಗಲಿಕ್ಕೆ ಒಂದು ನಿಮಿಷ ಬೇಕು ಈಗ."

ಅವರ ಮಾತು ಮುಗಿಯುವ ಮೊದಲೇ ಗೋಡೌನಿನ ರೈಟರಣ್ಣ ಫೋನ್ ಕಸಿದುಕೊಂಡರು. ಅವರದ್ದು ಬೇರೆ ದೂರು. ತೂಕ ಒಮ್ಮೆ ಸೇವ್ ಆಗುತ್ತದೆ, ಒಮ್ಮೆ ಅರ್ಧದಲ್ಲೇ ನಿಲ್ಲುತ್ತದೆ.

ಇಲ್ಲಿ ನಾನು ಒಂದು ದಿನ ಕಳೆದುಕೊಂಡೆ. ಎರಡೂ ದೂರು ಒಟ್ಟಿಗೆ ಬಂದದ್ದರಿಂದ ಎರಡಕ್ಕೂ ಒಂದೇ ಕಾರಣ ಇರಬೇಕು ಅಂದುಕೊಂಡೆ. ಸ್ವಿಚ್ ಕೆಟ್ಟದ್ದು ಬಂದಿದೆ ಎಂದು ಅಂಗಡಿಯಿಂದ ಇನ್ನೊಂದು ತಂದು ಹಾಕಿದೆ. ಏನೂ ಬದಲಾಗಲಿಲ್ಲ. ನಿಜಕ್ಕೂ ಅವು ಎರಡು ಬೇರೆ ಬೇರೆ ತಪ್ಪುಗಳು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರಲಿಲ್ಲ.

ಸಂಜೆ ಕೂತು ಲೆಕ್ಕ ಹಾಕಿದೆ. ಸ್ವಿಚ್ ಬದಲಿಸಿದರೂ ತೊಂದರೆ ಹಾಗೇ ಇದೆ. ಹಾಗಾದರೆ ತೊಂದರೆ ವೈರಿನಲ್ಲಿದೆ, ಇಲ್ಲವೇ ಕಂಪ್ಯೂಟರಿನಲ್ಲಿದೆ. ಒಂದೊಂದಾಗಿ ಹಿಡಿಯಬೇಕು.

ಮಂಗಳವಾರ: ಅಕೌಂಟ್ಸ್ ಕಂಪ್ಯೂಟರ್

ಪಿಂಗ್ ಸರಿ, ಟ್ಯಾಲಿ ನಿಧಾನ. ಮುಖ್ಯ ಕಂಪ್ಯೂಟರಿನಿಂದ 100 ಎಂಬಿ (ಅಂದರೆ 800 ಮೆಗಾಬಿಟ್) ಬ್ಯಾಕಪ್ ಫೈಲ್ ಕಾಪಿ ಹಾಕಿ ನೋಡಿದೆ. 10 ಎಂಬಿಪಿಎಸ್ ಹಬ್‌ನಲ್ಲಿ ಎಷ್ಟು ಚೆನ್ನಾಗಿ ಹೋದರೂ ಅದಕ್ಕೆ 80 ಸೆಕೆಂಡ್ ಬೇಕು. 100ರಲ್ಲಿ ಹತ್ತು ಸೆಕೆಂಡಿನ ಆಸುಪಾಸು ಮುಗಿಯಬೇಕು. ಇಲ್ಲಿ ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಕಮಾಂಡ್ ವಿಂಡೋ ತೆರೆದು 'ನೆಟ್‌ಸ್ಟ್ಯಾಟ್ ಮೈನಸ್ ಇ' ಕೊಟ್ಟೆ. ಅದರಲ್ಲಿ 'ಎರರ್ಸ್' ಎಂಬ ಒಂದು ಸಾಲು ಇದೆ. ಒಳಗೆ ಬಂದ ಪ್ಯಾಕೆಟ್‌ಗಳಲ್ಲಿ (ಡೇಟಾದ ಸಣ್ಣ ಸಣ್ಣ ತುಣುಕುಗಳಲ್ಲಿ) ಕೆಟ್ಟವು ಎಷ್ಟು ಎಂದು ಅಲ್ಲಿ ಕಾಣುತ್ತದೆ. ಕಾಪಿ ನಡೆಯುತ್ತಿದ್ದಂತೆ ಆ ಸಂಖ್ಯೆ ನೋಡನೋಡುತ್ತಲೇ ಏರುತ್ತಿತ್ತು. ಆಗಲೇ ಶನಿವಾರದ ಸೆಟ್ಟಿಂಗ್ ನೆನಪಾಗಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಬ್ ಅಂದರೆ ತೋಟದೊಳಗಿನ ಒಂಟಿ ಜೀಪ್ ದಾರಿ. ಒಂದು ಗಾಡಿ ಹೋಗುವಾಗ ಇನ್ನೊಂದು ಬರುವಂತಿಲ್ಲ. ತಿರುವಿನಲ್ಲಿ ನಿಂತು, ಎದುರು ಸದ್ದಿಲ್ಲ ಎಂದು ಕೇಳಿಸಿಕೊಂಡು ಹೊರಡಬೇಕು. ಎದುರಾದರೆ ಇಬ್ಬರೂ ಹಿಂದೆ ಸರಿದು, ಸ್ವಲ್ಪ ಕಾದು ಮತ್ತೆ ಹೊರಡಬೇಕು. ಇದು ಹಾಫ್ ಡ್ಯೂಪ್ಲೆಕ್ಸ್. ಸ್ವಿಚ್ ಹಾಗಲ್ಲ. ಪ್ರತಿ ಕಂಪ್ಯೂಟರಿಗೂ ಹೋಗಲು ಒಂದು, ಬರಲು ಒಂದು ದಾರಿ ಕೊಡುತ್ತದೆ. ಎರಡೂ ಕಡೆ ಒಟ್ಟಿಗೆ ಓಡಬಹುದು. ಇದು ಫುಲ್ ಡ್ಯೂಪ್ಲೆಕ್ಸ್.

ಯಾವ ರೀತಿ ಓಡಬೇಕು ಎಂದು ಸ್ವಿಚ್ ಮತ್ತು ಕಾರ್ಡು ವೈರು ಹಾಕಿದ ಕೂಡಲೇ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಇದೇ ಆಟೋ ನೆಗೋಶಿಯೇಶನ್. ಕಾರ್ಡಿನಲ್ಲಿ ನಾನು '100 ಫುಲ್' ಎಂದು ಗಟ್ಟಿ ಮಾಡಿದಾಗ ಅದು ಈ ಮಾತುಕತೆಯನ್ನೇ ನಿಲ್ಲಿಸಿತು. ಸ್ವಿಚ್‌ಗೆ ಎದುರಿನಿಂದ ಉತ್ತರ ಬರಲಿಲ್ಲ. ವೈರಿನ ಮೇಲಿನ ಸಿಗ್ನಲ್ ನೋಡಿ ವೇಗ 100 ಎಂದು ಅದು ತಿಳಿದುಕೊಳ್ಳಬಲ್ಲದು. ಆದರೆ ಹಾಫ್ ಅಥವಾ ಫುಲ್ ಎಂದು ತಿಳಿಯಲು ದಾರಿಯಿಲ್ಲ. ಮಾತಾಡದವರ ಜೊತೆ ಹಾಫ್‌ನಲ್ಲೇ ನಡೆದುಕೊಳ್ಳಬೇಕು ಎಂಬುದು ನಿಯಮ. ಸ್ವಿಚ್ ನಿಯಮ ಪಾಲಿಸಿತು. ಇಪ್ಪತ್ತು ವರ್ಷ ಹಬ್ ಜೊತೆ ಕಾರ್ಡುಗಳು ಸರಿಯಾಗಿ ಹೊಂದಿಕೊಂಡದ್ದೂ ಇದೇ ನಿಯಮದಿಂದ.

ಹೀಗೆ ಒಬ್ಬ ಚಾಲಕ ಇದು ಜೋಡಿ ರಸ್ತೆ ಎಂದು ನಂಬಿ ನಿಲ್ಲದೆ ಓಡಿಸುತ್ತಿದ್ದಾನೆ. ಇನ್ನೊಬ್ಬ ಇದು ಒಂಟಿ ದಾರಿ ಎಂದು ನಂಬಿ ಪ್ರತಿ ಸಲವೂ ಬ್ರೇಕ್ ಹಾಕಿ ಹಿಂದೆ ಸರಿಯುತ್ತಿದ್ದಾನೆ. ಸ್ವಿಚ್ ಕಳಿಸುತ್ತಿದ್ದ ಪ್ಯಾಕೆಟ್ ಅರ್ಧದಲ್ಲಿ ತುಂಡಾಗಿ, ಕಂಪ್ಯೂಟರಿಗೆ ಕೆಟ್ಟ ಪ್ಯಾಕೆಟ್ ಆಗಿ ಸೇರುತ್ತಿತ್ತು. ಆ ಏರುವ ಸಂಖ್ಯೆ ಇದೇ.

ಪಿಂಗ್ ಯಾಕೆ ಸರಿ ಬರುತ್ತಿತ್ತು? ಪಿಂಗ್‌ನಲ್ಲಿ ಒಂದು ಸಣ್ಣ ಪ್ಯಾಕೆಟ್ ಹೋಗುತ್ತದೆ, ಅದು ತಲುಪಿದ ಮೇಲೆ ಉತ್ತರ ಹೊರಡುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ದಾರಿಯಲ್ಲಿರುವುದೇ ಇಲ್ಲ. ಡಿಕ್ಕಿ ಹೊಡೆಯಲು ಯಾರಿದ್ದಾರೆ? ನಾಲ್ಕು ಪಿಂಗ್ ನೋಡಿ ಬೀಗ ಹಾಕಿ ಹೋಗುವವರು ನನ್ನ ಕಸುಬಿನಲ್ಲಿ ಬಹಳ ಜನ ಇದ್ದಾರೆ. ದಯವಿಟ್ಟು ಒಂದು ದೊಡ್ಡ ಫೈಲ್ ಕಾಪಿ ಹಾಕಿ ನೋಡಿ ಹೋಗಿ.

ಕೂಡಲೇ ಮಾಡಿದ ಕೆಲಸ ಕೇಳಿದರೆ ಅಕ್ಕನಿಗೆ ಆಶ್ಚರ್ಯವಾಯಿತು. '100 ಫುಲ್' ಇದ್ದದ್ದನ್ನು '100 ಹಾಫ್' ಮಾಡಿದೆ. "ಅರ್ಧ ಮಾಡಿದರೆ ಜಾಸ್ತಿ ಆಗುವುದು ಹೇಗೆ?" ಅಂದರು. ಈಗ ಎರಡೂ ಕಡೆ ಒಂದೇ ನಂಬಿಕೆ. ಅದೇ ಫೈಲ್ ಅರ್ಧ ನಿಮಿಷದೊಳಗೆ ಬಂತು. ಎರರ್ ಸಂಖ್ಯೆ ನಿಂತಲ್ಲೇ ನಿಂತಿತು. ಟ್ಯಾಲಿ ಓಡಿತು.

ಆದರೆ ಇದು ತಾತ್ಕಾಲಿಕ. ಶನಿವಾರ ದೀಪ ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆ ಹಾಗೇ ಇತ್ತು. ಆ ವೈರಿಗೆ ನನ್ನ ಲ್ಯಾಪ್‌ಟಾಪ್ ಹಾಕಿ ನೋಡಿದೆ. ಅಲ್ಲೂ ದೀಪ ಹತ್ತಿ ಆರುತ್ತಿತ್ತು. ಹಾಗಾದರೆ ಕಂಪ್ಯೂಟರಿನದ್ದಲ್ಲ, ವೈರಿನದ್ದೇ ತಪ್ಪು. ಕೇಬಲ್ ಟೆಸ್ಟರ್ ಹಾಕಿದೆ. ಕೇಬಲ್ ಒಳಗಿನ ಎಂಟು ತಂತಿಗೆ ಅದರಲ್ಲಿ ಒಂದೊಂದು ದೀಪ. 1, 2, 3, 6 ಹತ್ತಿದವು. 4, 5, 7, 8 ಹತ್ತಲಿಲ್ಲ.

ಕಪಾಟು ಜರುಗಿಸಿ ಗೋಡೆಯ ಡಬ್ಬಿ ಬಿಚ್ಚಿದರೆ ವಿಷಯ ಗೊತ್ತಾಯಿತು. ಯಾರೋ ಒಂದೇ ಕೇಬಲ್‌ನ ನಾಲ್ಕು ಜೋಡಿ ತಂತಿಯನ್ನು ಎರಡೆರಡಾಗಿ ಹಂಚಿ, ಎರಡು ಕಂಪ್ಯೂಟರಿಗೆ ಕೊಟ್ಟಿದ್ದರು. ಕಿತ್ತಳೆ ಮತ್ತು ಹಸಿರು ಜೋಡಿ ಅಕೌಂಟ್ಸ್‌ಗೆ. ನೀಲಿ ಮತ್ತು ಕಂದು ಜೋಡಿ ಬಿಲ್ಲಿಂಗ್‌ಗೆ. ಕೇಬಲ್ ದುಬಾರಿಯಾಗಿದ್ದ ಕಾಲದಲ್ಲಿ ಹೀಗೆ ಮಾಡುತ್ತಿದ್ದರು. 10ಕ್ಕೂ 100ಕ್ಕೂ ಎರಡು ಜೋಡಿ ಸಾಕು, ಹಾಗಾಗಿ ನಡೆಯುತ್ತಿತ್ತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಆದರೆ ಮೊದಲ ಮಾತುಕತೆ ನಡೆಯುವುದು 1, 2, 3, 6ರ ಮೇಲೆ ಮಾತ್ರ. ಅಲ್ಲಿ ಎರಡೂ ಕಡೆ "ಗಿಗಾಬಿಟ್ ಆಗಬಹುದು" ಎಂದು ಒಪ್ಪಿಕೊಳ್ಳುತ್ತವೆ. ಹೊರಟ ಮೇಲೆ ಉಳಿದ ಎರಡು ಜೋಡಿ ಸಿಗುವುದಿಲ್ಲ. ಕೈಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತವೆ. ಕೆಲವು ಕಾರ್ಡುಗಳು ಒಂದೆರಡು ಸಲ ಸೋತ ಮೇಲೆ ತಾವೇ 100ಕ್ಕೆ ಇಳಿಯುತ್ತವೆ. ಈ ಕಾರ್ಡು ಇಳಿಯಲಿಲ್ಲ. ಬಿಲ್ಲಿಂಗ್ ಕಂಪ್ಯೂಟರಿನದ್ದು 100ರ ಹಳೇ ಕಾರ್ಡು. ಅದಕ್ಕೆ ಗಿಗಾಬಿಟ್‌ನ ತಂಟೆಯೇ ಇರಲಿಲ್ಲ.

ಅಕೌಂಟ್ಸ್ ಕಂಪ್ಯೂಟರಿಗೆ ಬೇರೆಯೇ ಒಂದು ಕ್ಯಾಟ್ 6 ಕೇಬಲ್ ಎಳೆದೆ. ಕಾರ್ಡನ್ನು ಮತ್ತೆ 'ಆಟೋ'ಗೆ ತಂದೆ. ಹಸಿರು ದೀಪ ಬಂದು ನಿಂತಿತು. ಹಳೇ ಡಬ್ಬಿಯಲ್ಲಿ ಬಿಲ್ಲಿಂಗ್‌ನ ಜೋಡಿಯನ್ನೂ ಸರಿಪಡಿಸಿ, ಆ ಕೇಬಲ್ ಪೂರ್ತಿ ಅದೊಂದಕ್ಕೇ ಕೊಟ್ಟೆ.

ಬುಧವಾರ: ಗೋಡೌನ್

ಇದು ಕಷ್ಟದ್ದು. ಆಫೀಸಿನಿಂದ ಗೋಡೌನಿಗೆ ಸಾದಾ ಪಿಂಗ್ ಹೊಡೆದರೆ ನೂರರಲ್ಲಿ ಒಂದೆರಡು ಬೀಳುತ್ತಿತ್ತು. ಪಿಂಗ್ ಜೊತೆ 'ಮೈನಸ್ ಎಲ್ 1400' ಸೇರಿಸಿ ದೊಡ್ಡ ಪ್ಯಾಕೆಟ್ ಕಳಿಸಿದೆ. ಮೂರರಲ್ಲಿ ಒಂದು ಬಿತ್ತು. ಸೆಟ್ಟಿಂಗ್ ನೋಡಿದೆ, ಆಟೋ ಇದೆ. ಎರಡೂ ಕಡೆ 100 ಫುಲ್. ಹೊಂದಾಣಿಕೆಯ ತಪ್ಪಲ್ಲ.

ಕೇಬಲ್ ಟೆಸ್ಟರ್ ಹಾಕಿದೆ. ಆ ತುದಿಯಲ್ಲಿ ರೈಟರಣ್ಣ ನಿಂತು ಫೋನಿನಲ್ಲಿ ಒಂದೊಂದೇ ದೀಪ ಓದಿದರು. ಒಂದು, ಎರಡು, ಮೂರು... ಎಂಟೂ ಹತ್ತಿತು, ಸಾಲು ತಪ್ಪದೆ. ವೈರು ಸರಿ ಇದೆ ಅಂತಾಯಿತು.

ಆಗ ಸಿಡಿಲಿನ ಮೇಲೆ ಅನುಮಾನ ಹೋಯಿತು. ಗೋಡೌನಿನ ಕಾರ್ಡು ಅರ್ಧ ಸುಟ್ಟಿದೆಯೇನೋ ಎಂದು ನನ್ನ ಲ್ಯಾಪ್‌ಟಾಪನ್ನು ಅಲ್ಲಿಗೆ ಒಯ್ದು ಹಾಕಿದೆ. ಅದೂ ಬೀಳುತ್ತಿತ್ತು. ಕಾರ್ಡಿನದ್ದಲ್ಲ.

ಹಳೇ ಹಬ್ ಇನ್ನೂ ಚೀಲದಲ್ಲಿತ್ತು. ಅದನ್ನು ಎಸೆಯದೆ ಇಟ್ಟುಕೊಂಡದ್ದಕ್ಕೆ ಬೇರೆ ಕಾರಣ ಇದೆ. ಹಬ್ ಒಂದು ಪೋರ್ಟಿಗೆ ಬಂದದ್ದನ್ನೆಲ್ಲ ಉಳಿದೆಲ್ಲ ಪೋರ್ಟಿಗೂ ಕಳಿಸುತ್ತದೆ. ಲ್ಯಾಪ್‌ಟಾಪ್ ಜೋಡಿಸಿ, ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ತೆರೆದರೆ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ಎಲ್ಲ ಕಾಣುತ್ತದೆ. ಸ್ವಿಚ್ ಯಾವ ಕಂಪ್ಯೂಟರ್ ಯಾವ ಪೋರ್ಟಿನಲ್ಲಿದೆ ಎಂದು ಕಲಿತುಕೊಂಡು ಅಲ್ಲಿಗೆ ಮಾತ್ರ ಕಳಿಸುತ್ತದೆ. ಬೇರೆಯವರ ಮಾತು ನಮಗೆ ಕೇಳುವುದಿಲ್ಲ. ದುಬಾರಿ ಸ್ವಿಚ್‌ಗಳಲ್ಲಿ ಕೇಳಲೆಂದೇ ಒಂದು ಪೋರ್ಟ್ ಸೆಟ್ ಮಾಡಬಹುದು, ಇದರಲ್ಲಿ ಇಲ್ಲ. ಹಾಗಾಗಿ ಗೋಡೌನಿನ ವೈರನ್ನು ಹಬ್‌ಗೆ ಹಾಕಿ, ಹಬ್‌ನಿಂದ ಸ್ವಿಚ್‌ಗೆ ಒಂದು ತುಂಡು ಕೇಬಲ್ ಕೊಟ್ಟೆ. ಯಾವ ಪ್ಯಾಕೆಟ್ ಕಾಣೆಯಾಗುತ್ತಿದೆ ನೋಡೋಣ ಎಂದು.

ಒಂದೂ ಕಾಣೆಯಾಗಲಿಲ್ಲ. 1400 ಬೈಟಿನ ಇನ್ನೂರು ಪಿಂಗ್ ಕಳಿಸಿದೆ, ಇನ್ನೂರೂ ವಾಪಸ್ ಬಂತು.

ರೈಟರಣ್ಣನಿಗೆ ಖುಷಿಯಾಯಿತು. "ಇದನ್ನೇ ಇಟ್ಟುಬಿಡು ತಮ್ಮಾ, ಹಳೇದೇ ಗಟ್ಟಿ." ನಿಜಕ್ಕೂ ಹಾಗೆ ಬಿಟ್ಟುಬರಬಹುದಿತ್ತು. ತೂಕದ ಚೀಟಿಗೆ 10 ಎಂಬಿಪಿಎಸ್ ಧಾರಾಳ ಸಾಕು. ಆದರೆ ಆಗ ಮೊದಲ ದಿನ ಹಬ್ ಮೇಲೆ ಈ ವೈರು ಚೆನ್ನಾಗೇ ನಡೆದದ್ದು ನೆನಪಾಯಿತು. ಅದೇ ವೈರು, ಅದೇ ಕಂಪ್ಯೂಟರ್. 10ರಲ್ಲಿ ಸರಿ, 100ರಲ್ಲಿ ತಪ್ಪು. ತುಂಡಾದ ವೈರು ಹೀಗೆ ಮಾಡುವುದಿಲ್ಲ. ಅದು ಎರಡರಲ್ಲೂ ಕೈಕೊಡುತ್ತದೆ.

ಟಾರ್ಚ್ ಹಿಡಿದು ಪ್ಲಗ್ಗಿನ ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಬಣ್ಣ ನೋಡಿದೆ. ಎಡದಿಂದ ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ಹಸಿರು, ಬಿಳಿನೀಲಿ, ನೀಲಿ, ಬಿಳಿಕಂದು, ಕಂದು. ಜೋಡಿ ಜೋಡಿಯಾಗಿ, ನೋಡಲು ಎಷ್ಟು ಅಚ್ಚುಕಟ್ಟು! ಆ ತುದಿಯಲ್ಲೂ ಹಾಗೇ.

ತಪ್ಪು ಅದೇ. ನೆಟ್‌ವರ್ಕ್ ಕೇಬಲ್‌ನಲ್ಲಿ ಒಂದು ಜೋಡಿಯ ಎರಡು ತಂತಿಯನ್ನು ಒಂದಕ್ಕೊಂದು ಹೊಸೆದಿರುತ್ತಾರೆ. ಒಂದರಲ್ಲಿ ಹೋದ ಸಿಗ್ನಲ್ಲಿಗೆ ಇನ್ನೊಂದರಲ್ಲಿ ಅದರ ತದ್ವಿರುದ್ಧ ಹೋಗುತ್ತದೆ. ಹೊಸೆದಿರುವುದರಿಂದ ಹೊರಗಿನ ಗಲಾಟೆ ಎರಡಕ್ಕೂ ಒಂದೇ ರೀತಿ ತಗಲುತ್ತದೆ, ಆ ತುದಿಯಲ್ಲಿ ಕಳೆದುಹೋಗುತ್ತದೆ. ಈಥರ್ನೆಟ್ (ವೈರಿನ ಮೇಲೆ ನಡೆಯುವ ಈ ನೆಟ್‌ವರ್ಕ್ ಪದ್ಧತಿ) ಒಂದು ಜೋಡಿಯನ್ನು 1 ಮತ್ತು 2ರಲ್ಲಿ, ಇನ್ನೊಂದನ್ನು 3 ಮತ್ತು 6ರಲ್ಲಿ ಬಳಸುತ್ತದೆ. 3 ಮತ್ತು 4 ಅಲ್ಲ. ಇಲ್ಲಿ 3ರಲ್ಲಿ ಬಿಳಿಹಸಿರು, 6ರಲ್ಲಿ ನೀಲಿ. ಒಂದಕ್ಕೊಂದು ಹೊಸೆದ ತಂತಿಗಳೇ ಅಲ್ಲ. ಗಂಡ ಒಂದು ಮನೆ, ಹೆಂಡತಿ ಇನ್ನೊಂದು ಮನೆ ಎಂಬಂತೆ. 60 ಮೀಟರ್ ಉದ್ದಕ್ಕೂ ಪಕ್ಕದ ಜೋಡಿಯ ಸದ್ದು ಇವಕ್ಕೆ ಸೇರಿಕೊಳ್ಳುತ್ತಿತ್ತು. 10 ಎಂಬಿಪಿಎಸ್‌ನ ನಿಧಾನ ಸಿಗ್ನಲ್ ಅದನ್ನು ತಡೆದುಕೊಂಡಿತ್ತು. 100ರ ಸಿಗ್ನಲ್ ತಡೆದುಕೊಳ್ಳಲಿಲ್ಲ. ದೊಡ್ಡ ಪ್ಯಾಕೆಟ್ ಜಾಸ್ತಿ ಹೊತ್ತು ವೈರಿನ ಮೇಲೆ ಇರುತ್ತದೆ, ಅದಕ್ಕೇ ಅದೇ ಜಾಸ್ತಿ ಕೆಡುತ್ತಿತ್ತು. ಕೆಟ್ಟ ಪ್ಯಾಕೆಟನ್ನು ಸ್ವಿಚ್ ಮುಂದೆ ಕಳಿಸುವುದೇ ಇಲ್ಲ, ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಟೆಸ್ಟರ್ ಸುಳ್ಳು ಹೇಳಲಿಲ್ಲ. ಈ ತುದಿಯ 3ರಿಂದ ಆ ತುದಿಯ 3ಕ್ಕೆ ಕರೆಂಟ್ ಹೋಗುತ್ತದೆಯೇ ಎಂದು ಮಾತ್ರ ಅದು ನೋಡುತ್ತದೆ. ಹೋಗುತ್ತಿತ್ತು. ಯಾವ ತಂತಿ ಯಾವುದರ ಜೊತೆ ಹೊಸೆದಿದೆ ಎಂದು ಸಾದಾ ಟೆಸ್ಟರಿಗೆ ಗೊತ್ತಾಗುವುದಿಲ್ಲ. ಕಣ್ಣಿಗೆ ಗೊತ್ತಾಗುತ್ತದೆ.

ಎರಡೂ ತುದಿ ಕತ್ತರಿಸಿದೆ. ಗೋಡೌನಿನ ಕಡೆಯ ಪ್ಲಗ್ಗಿನಲ್ಲಿ ಹಿತ್ತಾಳೆಗೆ ಹಿಡಿದಂಥ ಹಸಿರು ಕಿಲುಬು ಇತ್ತು. ನಮ್ಮ ಮಳೆಗಾಲದ ತೇವ ಎಲ್ಲಿಗೂ ಹೋಗುತ್ತದೆ. ಒಂದು ಗೇಣು ಹಿಂದೆ, ತಾಮ್ರ ಹೊಳೆಯುವಲ್ಲಿ ಹೊಸ ಪ್ಲಗ್ ಒತ್ತಿದೆ. ಈ ಸಲ ಸರಿಯಾದ ಸಾಲು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಹಸಿರು ಜೋಡಿ ನೀಲಿಯನ್ನು ನಡುವೆ ಇಟ್ಟುಕೊಂಡು 3 ಮತ್ತು 6ಕ್ಕೆ ಹೋಗುತ್ತದೆ. ಇದಕ್ಕೆ ಟಿ568ಬಿ ಎನ್ನುತ್ತಾರೆ. ಹೆಸರು ಮರೆತರೂ ಈ ಸಾಲು ಮರೆಯಬೇಡಿ.

ಹಬ್ ತೆಗೆದು ನೇರ ಸ್ವಿಚ್‌ಗೆ ಹಾಕಿದೆ. 100 ಫುಲ್. 1400 ಬೈಟಿನ ಸಾವಿರ ಪಿಂಗ್ ಬಿಟ್ಟು ಚಹಾ ಕುಡಿಯಲು ಹೋದೆವು. ವಾಪಸ್ ಬಂದಾಗ ಒಂದೂ ಬಿದ್ದಿರಲಿಲ್ಲ. ನೆಟ್‌ಸ್ಟ್ಯಾಟ್‌ನಲ್ಲಿ ಎರರ್ ಸೊನ್ನೆ. ರೈಟರಣ್ಣ ಎರಡು ಮೂಟೆ ಮೆಣಸು ತೂಗಿ ಚೀಟಿ ತೆಗೆದರು. ಅವರು ಬೆರಳು ಎತ್ತುವ ಮೊದಲೇ ಆಫೀಸಿನ ಪ್ರಿಂಟರ್ ಸದ್ದು ಮಾಡಿತು.

ಉಳಿದದ್ದು

ಗುರುವಾರ ಮತ್ತೆ ಹೋದೆ. ಪ್ರತಿ ಕೇಬಲ್‌ನ ಎರಡೂ ತುದಿಗೆ ನಂಬರ್ ಅಂಟಿಸಿದೆ. ಸ್ವಿಚ್ ಪಕ್ಕದ ಗೋಡೆಗೆ ಒಂದು ಹಾಳೆ ಹಚ್ಚಿದೆ: ಯಾವ ಪೋರ್ಟಿಗೆ ಯಾವ ಕಂಪ್ಯೂಟರ್, ಯಾವ ದಿನ ಏನು ಬದಲಾಯಿತು, ಯಾವ ಕಾರ್ಡಿನ ಸೆಟ್ಟಿಂಗ್ ಏನು. ಎಲ್ಲವೂ 'ಆಟೋ'.

ಒಂದು ಕೆಲಸ ಬಾಕಿ ಇದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯುವುದೇ ಸರಿಯಲ್ಲ. ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆ. ಹತ್ತಿರ ಸಿಡಿಲು ಬಿದ್ದರೆ ಆ ಕೇಬಲ್ಲೇ ಅದಕ್ಕೆ ದಾರಿ. ಮುಂದಿನ ಸಲ ಪೋರ್ಟಿಗೇ ನಿಲ್ಲುತ್ತದೆ ಎಂದು ಹೇಳಲಾಗದು. ಅಲ್ಲಿ ಫೈಬರ್ ಬೇಕು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ವೈರಿಗೆ ಜೋಡಿಸುವ ಪೆಟ್ಟಿಗೆ) ಇಟ್ಟರೆ ಆಯಿತು. ಮಾಲೀಕರಿಗೆ ಹೇಳಿದೆ. ಮಳೆಗಾಲ ಕಳೆದು, ಕೊಯ್ಲು ಶುರುವಾಗುವ ಮೊದಲು ಮಾಡಿಸೋಣ ಎಂದರು.

ಅಲ್ಲಿಯವರೆಗೆ ಗೋಡೌನಿಗೆ ಹೋಗುವ ಆರನೇ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ, ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿಟ್ಟೆ: ಮೋಡ ಕಟ್ಟಿದರೆ ಇದನ್ನು ಎರಡೂ ಕಡೆ ತೆಗೆಯಿರಿ. ಅದಾಗಿ ಮೂರನೇ ಸಂಜೆ ಬಿಟ್ಟಂಗಾಲದ ಕಡೆಯಿಂದ ಗುಡುಗು ಶುರುವಾಯಿತು. ಮೊದಲ ಹನಿ ಬೀಳುವ ಮೊದಲೇ ರೈಟರಣ್ಣನ ಫೋನ್. "ತೆಗೆದಿಟ್ಟೆ ತಮ್ಮಾ. ಎರಡೂ ಕಡೆ."